ಹರಕೆ ಹಿರಿಯರದು, ಹೆಜ್ಜೆ ಕೂಸಿನದು!

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಈ ಕಡೆಯ ರಸ್ತೆಗಳ ಮೇಲೆ ಗಾಲಿಗಿಂತ ಕಾಲುಗಳೇ ಹೆಚ್ಚು. ಹುಣ್ಣಿಮೆಗೆ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಗುಡ್ಡ. ಅದರ ಬೆನ್ನಿಗೇ ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ. ಮುಂದೆ ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದ ದಿನ ಕೊಟ್ಟೂರಿನ ರಥೋತ್ಸವ. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ, ಹಡಗಲಿಯಿಂದ, ಹರಪನಹಳ್ಳಿಯಿಂದ, ಅತ್ತ ದಾವಣಗೆರೆಯಿಂದಲೂ ಜನ ಕೊಟ್ಟೂರಿಗೆ ನಡೆದು ಬರುತ್ತಾರೆ. ತಲೆಯ ಮೇಲೆ ಗಂಟು, ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಕೊಟ್ಟೂರಜ್ಜನ ಜಯಕಾರ. ಇದೆಲ್ಲ ಈ ಸೀಮೆಯವರಿಗೆ ಹೊಸದಲ್ಲ, ವರ್ಷವೂ ಕಾಣುವ ನೋಟ.

ಆದರೆ ಅದೇ ನೋಟದ ಒಂದು ಮೂಲೆಯನ್ನು ಯಾರೂ ಸರಿಯಾಗಿ ನೋಡಿದಂತಿಲ್ಲ. ಆ ಸಾಲಿನಲ್ಲಿ ಅಪ್ಪನ ಕೈ ಹಿಡಿದು ಅರ್ಧ ಓಡುತ್ತ, ಅರ್ಧ ನಡೆಯುತ್ತ ಬರುವ ನಾಲ್ಕು, ಐದು, ಏಳು ವರ್ಷದ ಮಕ್ಕಳಿದ್ದಾರೆ. ಅವ್ವನ ಸೊಂಟದ ಮೇಲೆ ನಿದ್ದೆ ಹೋದ ಕೂಸುಗಳಿವೆ. ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ನೀರಿನ ಮಾತು ಬರುತ್ತದೆ, ಕರೆಂಟಿನ ಮಾತು ಬರುತ್ತದೆ, ಪೊಲೀಸ್ ಬಂದೋಬಸ್ತಿನ ಮಾತು ಬರುತ್ತದೆ. ದಾರಿಯಲ್ಲಿ ಬರುವ ಕೂಸಿನ ಮಾತು ಯಾರ ಬಾಯಲ್ಲಿ ಬರಬೇಕು?

ಯಾಕೆ ಕರಕೊಂಡು ಹೋಗ್ತಾರೆ?

ಪಟ್ಟಣದಲ್ಲಿ ಓದಿದವರು ಇದನ್ನು ನೋಡಿ ಮೂಗು ಮುರಿಯುವುದುಂಟು. ಇಷ್ಟು ಸಣ್ಣ ಮಕ್ಕಳನ್ನು ಯಾಕೆ ಗೋಳು ಹೊಯ್ಕೊಳ್ಳಬೇಕು, ಮನೆಯಲ್ಲಿ ಬಿಟ್ಟು ಬಂದರಾಗದೇ ಎಂದು ಕೇಳುವುದು ಸುಲಭ. ಮನೆಯಲ್ಲಿ ಯಾರಿದ್ದಾರೆ ಎಂಬುದು ಆಮೇಲಿನ ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಹೊರಟರೆ, ಮುದುಕಿ ಅತ್ತೆಯೂ ಹೊರಟರೆ, ಕೂಸನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಹೋಗಲಾದೀತೆ?

ಇನ್ನು ಹರಕೆಯ ಮಾತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು, ಜ್ವರ ಬಂದು ಕೈಬಿಟ್ಟಿತು ಅನ್ನುವಾಗ ಉಳಿದ ಕೂಸು, ಮಾತು ತಡವಾಗಿ ಬಂದ ಕೂಸು. ಇಂಥ ಮನೆಗಳಲ್ಲಿ ಹರಕೆ ಕೂಸಿನ ಹೆಸರಿನಲ್ಲೇ ಇರುತ್ತದೆ. ಕೊಟ್ಟೂರಿನಲ್ಲಿ ತೊಟ್ಟಿಲು ಮಠ ಎಂದೇ ಒಂದು ಮಠವಿದೆ. ಅಂಥ ಊರಿಗೆ ಕೂಸನ್ನು ಬಿಟ್ಟು ಬನ್ನಿ ಎಂದು ಹೇಳುವುದು ಮದುವೆಗೆ ಬನ್ನಿ, ಮದುಮಗಳನ್ನು ಮನೆಯಲ್ಲೇ ಬಿಡಿ ಎಂದಂತೆ.

ಮತ್ತೊಂದು ಮಾತೂ ನಿಜ. ಮಕ್ಕಳಿಗೆ ನಡಿಗೆ ಎಂದರೆ ಖುಷಿ. ಶಾಲೆಯ ಬೆಂಚಿಲ್ಲ, ಟೀವಿ ಮೊಬೈಲಿಲ್ಲ, ದಾರಿಯುದ್ದಕ್ಕೂ ಹುಣಸೆಮರ, ಹೊಲ, ಭಜನೆ, ಕೇಳಿದ ಕಡೆ ಪಾನಕ. ಅಜ್ಜ ಹೇಳುವ ಕಥೆ ಮನೆಯಲ್ಲಿ ಕೇಳಿದ್ದಕ್ಕಿಂತ ದಾರಿಯಲ್ಲಿ ಕೇಳಿದರೆ ಹೆಚ್ಚು ನೆನಪಿರುತ್ತದೆ. ಆದ್ದರಿಂದ ಮಕ್ಕಳನ್ನು ಕರಕೊಂಡು ಹೋಗುವುದೇ ತಪ್ಪು ಎಂಬ ಮಾತು ಇಲ್ಲಿ ಬೇಡ. ಹೇಗೆ ಕರಕೊಂಡು ಹೋಗ್ತಾರೆ, ಅವರ ಹೆಜ್ಜೆಗೆ ಈ ದಾರಿಯಲ್ಲಿ ಏನು ಏರ್ಪಾಡಿದೆ ಎಂಬುದನ್ನಷ್ಟೇ ಕೇಳಬೇಕಾಗಿದೆ.

ದಾರಿ ಅದೇ, ರಸ್ತೆ ಅದಲ್ಲ

ನಮ್ಮಪ್ಪ ನಮ್ಮನ್ನು ನಡೆಸಿಕೊಂಡು ಬಂದಿದ್ದ, ನಮಗೇನಾತು ಎಂದು ಕೇಳುವವರು ಬಹಳ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಪ್ಪ ನಡೆಸಿಕೊಂಡು ಬಂದದ್ದು ಬಂಡಿದಾರಿಯಲ್ಲಿ. ಕಾಲ ಕೆಳಗೆ ಮಣ್ಣು, ಎರಡೂ ಕಡೆ ಮರ, ಹಿಂದೊಂದು ಎತ್ತಿನ ಬಂಡಿ. ಕೂಸು ಸುಸ್ತಾದರೆ ಎತ್ತಿ ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದರೆ ಮುಗಿಯಿತು. ಎದುರಿಗೆ ಬರುವುದು ಇನ್ನೊಂದು ಬಂಡಿ, ಅದೂ ಗಂಟೆ ಬಾರಿಸಿಕೊಂಡು.

ಈಗ ಕಾಲ ಕೆಳಗಿರುವುದು ಡಾಂಬರು. ರಸ್ತೆ ಅಗಲವಾಯಿತು, ಮರ ಹೋಯಿತು. ಬಂಡಿ ಮನೆಯಲ್ಲೇ ಇಲ್ಲ. ಎದುರಿಗೆ ಬರುವುದು ಬಸ್ಸು, ಲಾರಿ, ಕಾರು, ಹಿಂದೀಪವಿಲ್ಲದ ಕಬ್ಬಿನ ಟ್ರೇಲರು. ಮಗು ಮಾತ್ರ ಅಂದಿನಷ್ಟೇ ಎತ್ತರ, ಅಂದಿನಷ್ಟೇ ತೂಕ, ಅಂದಿನಷ್ಟೇ ಉದ್ದದ ಕಾಲು. ರೂಢಿ ಹಳೆಯದು ಎನ್ನುವವರು ರಸ್ತೆ ಹೊಸದು ಎಂಬುದನ್ನು ಮರೆಯುತ್ತಾರೆ.

ಮೂವತ್ತು ಕಿಲೋಮೀಟರಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೆಚ್ಚುಕಡಿಮೆ 30 ಕಿಲೋಮೀಟರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಂದ 25ರ ಆಸುಪಾಸು. ಹಡಗಲಿಯಿಂದ 50ರ ಹತ್ತಿರ. ದಾವಣಗೆರೆಯಿಂದ 70 ದಾಟುತ್ತದೆ.

ಗಟ್ಟಿ ಆಳು ಗಂಟೆಗೆ 5 ಕಿಲೋಮೀಟರು ನಡೆಯುತ್ತಾನೆ. ಹರಪನಹಳ್ಳಿಯಿಂದ ಆರು ತಾಸು, ನಡುವೆ ಊಟ ವಿಶ್ರಾಂತಿ ಸೇರಿ ಎಂಟು ತಾಸು. ಬೆಳಿಗ್ಗೆ ಹೊರಟರೆ ಬೈಗಿಗೆ ಕೊಟ್ಟೂರು. ಆರು ವರ್ಷದ ಮಗು ನಿಂತು ನಡೆದು, ಕಲ್ಲು ಆಯ್ದು, ಉಚ್ಚೆಗೆ ಕೂತು, ಅತ್ತು ಸಮಾಧಾನವಾಗಿ ಹೋಗುವುದು ಗಂಟೆಗೆ ಎರಡೂವರೆ ಕಿಲೋಮೀಟರು. ಅಂದರೆ 30 ಕಿಲೋಮೀಟರಿಗೆ ಬರೀ ನಡಿಗೆಯೇ ಹನ್ನೆರಡು ತಾಸು!

ಆ ಹನ್ನೆರಡು ತಾಸನ್ನು ಎಲ್ಲಿಂದ ತರುವುದು? ಬೆಳಿಗ್ಗೆ ಆರರಿಂದ ಹತ್ತರವರೆಗೆ ತಂಪು, ನಾಲ್ಕು ತಾಸು. ಸಂಜೆ ನಾಲ್ಕರಿಂದ ಆರೂವರೆಯವರೆಗೆ ಎರಡೂವರೆ ತಾಸು. ಕೂಡಿದರೆ ಆರೂವರೆ ತಾಸು, ಹದಿನಾರು ಕಿಲೋಮೀಟರು. ಆದ್ದರಿಂದ ದೊಡ್ಡವರಿಗೆ ಒಂದು ದಿನದ ದಾರಿ ಕೂಸಿಗೆ ಎರಡು ದಿನದ ದಾರಿ. ಅದನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಹಟ ಹಿಡಿದರೆ ಉಳಿಯುವುದು ಎರಡೇ ದಾರಿ: ಒಂದೋ ನೆತ್ತಿ ಸುಡುವ ಮಧ್ಯಾಹ್ನದಲ್ಲಿ ನಡೆಸಬೇಕು, ಇಲ್ಲವೇ ಕತ್ತಲಲ್ಲಿ ನಡೆಸಬೇಕು. ಅಪಾಯಗಳೆಲ್ಲ ಈ ಎರಡು ಹೊತ್ತಿನಲ್ಲೇ ಕಾದು ಕೂತಿವೆ.

ಮಧ್ಯಾಹ್ನದ ಸುಡು

ಫೆಬ್ರವರಿ ಕೊನೆಗೆ ಈ ಸೀಮೆಯಲ್ಲಿ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿಯ ಹತ್ತಿರ ಹೋಗುತ್ತದೆ. ಅದು ನೆರಳಿನ ಲೆಕ್ಕ. ಬಿಸಿಲಿನಲ್ಲಿ ಕಾದ ಡಾಂಬರು 50 ಡಿಗ್ರಿ ದಾಟುವುದು ಸಾಮಾನ್ಯ. ದೊಡ್ಡವರ ಮುಖ ಆ ಡಾಂಬರಿನಿಂದ ಐದಡಿ ಮೇಲಿದ್ದರೆ, ಕೂಸಿನ ಮುಖ ಎರಡೂವರೆ ಮೂರಡಿ ಮೇಲಿರುತ್ತದೆ. ರಸ್ತೆ ಉಗುಳುವ ಝಳ ಮೊದಲು ತಾಗುವುದು ಅದಕ್ಕೇ.

ಡಾಕ್ಟರುಗಳು ಹೇಳುವ ಇನ್ನೊಂದು ಮಾತು ಹೆತ್ತವರು ತಿಳಿದಿರಬೇಕು. ಮಗು ಎಂದರೆ ಸಣ್ಣ ಅಳತೆಯ ದೊಡ್ಡವನಲ್ಲ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರಹು ಹೆಚ್ಚು, ಆದ್ದರಿಂದ ಹೊರಗಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಬೆವರುವುದು ಕಡಿಮೆ, ಆದ್ದರಿಂದ ಒಳಗಿನ ಬಿಸಿ ತಡವಾಗಿ ಇಳಿಯುತ್ತದೆ. ಆಟದ ಗುಂಗಿನಲ್ಲಿ ನೀರಡಿಕೆಯಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕೇಳಿದಾಗ ಕೊಟ್ಟರಾಯಿತು ಎಂದು ಕಾಯುವುದು ತಪ್ಪು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೇಳದಿದ್ದರೂ ನಾಲ್ಕು ಗುಟುಕು ಕುಡಿಸಬೇಕು.

ಗುರುತು ಹಿಡಿಯುವುದು ಕಷ್ಟವಲ್ಲ. ಅಳುತ್ತಿದ್ದ ಮಗು ಸುಮ್ಮನಾಯಿತು ಎಂದು ಖುಷಿಪಡಬಾರದು. ಬಾಯಿ ಒಣಗಿದೆಯೇ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು, ಹೊಯ್ದದ್ದು ಕಡು ಹಳದಿಯಾಗಿದೆಯೇ, ಕರೆದರೆ ತಿರುಗಿ ನೋಡುತ್ತದೆಯೇ ಎಂದು ಪರೀಕ್ಷಿಸಬೇಕು. ಮೈ ಕೆಂಡವಾಗಿ ಮಂಕಾದರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿ ಹಾಕುತ್ತಲೇ 108ಕ್ಕೆ ಫೋನು ಮಾಡಬೇಕು. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ನೀರು ಹೊಯ್ಯಬಾರದು.

ಬೇಧಿಯಾಗಿ ನಿತ್ರಾಣವಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಮನೆಯ ಔಷಧಿ ಇದೆ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾದ್ದು. ಉಪ್ಪು ಇದಕ್ಕಿಂತ ಹೆಚ್ಚಾದರೆ ಔಷಧಿಯೇ ವಿಷವಾದೀತು.

ಬೆಳದಿಂಗಳಿಲ್ಲದ ರಾತ್ರಿ

ಬಿಸಿಲು ಬೇಡ, ತಂಪು ಹೊತ್ತಿನಲ್ಲಿ ನಡೆಯೋಣ ಎಂದು ರಾತ್ರಿ ಹೊರಡುವವರೇ ಹೆಚ್ಚು. ಬುದ್ಧಿವಂತಿಕೆಯಂತೆಯೇ ಕಾಣುತ್ತದೆ. ಆದರೆ ಪಂಚಾಂಗ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುವವರಿಗೆ ಇಡೀ ರಾತ್ರಿ ಚಂದ್ರನ ಬೆಳಕಿದೆ. ಕೊಟ್ಟೂರಿನ ತೇರು ಬರುವುದು ಬಹುಳದ ದಶಮಿಯ ಹೊತ್ತಿಗೆ. ಅಂದಿನ ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ, ಅದೂ ಅರ್ಧಕ್ಕಿಂತ ಕಡಿಮೆ. ಅಂದರೆ ಅತಿ ಹೆಚ್ಚು ಜನ ನಡೆಯುವ ರಾತ್ರಿಗಳೇ ಕಗ್ಗತ್ತಲಿನ ರಾತ್ರಿಗಳು.

ಗಂಟೆಗೆ 80 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಓಡುತ್ತದೆ. ಡ್ರೈವರ್ ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡುವ ಹೊತ್ತಿಗೇ 30 ಮೀಟರು ಮುಗಿದಿರುತ್ತದೆ. ಗಾಡಿ ಪೂರ್ತಿ ನಿಲ್ಲಲು ಮತ್ತೆ ಅಷ್ಟೋ ಇನ್ನೂ ಹೆಚ್ಚೋ ಬೇಕು. ಡಿಪ್ ಲೈಟಿನಲ್ಲಿ ಕಪ್ಪು ಬಟ್ಟೆಯ ಮನುಷ್ಯ ಕಾಣುವುದು ಬಹಳವೆಂದರೆ 40-50 ಮೀಟರಿನಿಂದ. ಲೆಕ್ಕ ಕೂಡುವುದಿಲ್ಲ, ಅಲ್ಲವೇ? ಇಲ್ಲಿ ಡ್ರೈವರ್ ಎಷ್ಟು ಒಳ್ಳೆಯವನಾದರೂ ಸಾಲದು.

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನದ ಹತ್ತಿರ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಅನೇಕರು ಪ್ರಾಣ ಬಿಟ್ಟರು, ಅವರಲ್ಲಿ ಹರೆಯದವರೇ ಬಹಳ. ಅಲ್ಲಿ ದೀಪವಿತ್ತು, ವಾದ್ಯವಿತ್ತು, ಜನ ಗುಂಪಾಗಿದ್ದರು. ಆದರೂ ಹಾಗಾಯಿತು. ದೀಪವೂ ಇಲ್ಲದ, ಸದ್ದೂ ಇಲ್ಲದ ದಾರಿಯಂಚಿನಲ್ಲಿ ನಿದ್ದೆಗಣ್ಣಿನ ಕೂಸನ್ನು ಎಳೆದುಕೊಂಡು ಹೋಗುವವರ ಗತಿಯೇನು?

ಇದಕ್ಕೆ ಪರಿಹಾರ ಲಕ್ಷಗಟ್ಟಲೆ ರೂಪಾಯಿಯದ್ದಲ್ಲ. ತಮಿಳುನಾಡಿನಲ್ಲಿ ಪಳನಿಗೆ ನಡೆದು ಹೋಗುವ ಭಕ್ತರ ಬೆನ್ನಿಗೆ, ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸುವ ರೂಢಿ ಇದೆ. ಅಂಥ ಪಟ್ಟಿ ನೂರು ಮೀಟರಿಗಿಂತ ದೂರದಿಂದಲೇ ಡ್ರೈವರಿನ ಕಣ್ಣಿಗೆ ಬೀಳುತ್ತದೆ. ಲಾರಿಗಳಿಗೆ ಅಂಟಿಸುವ ಅದೇ ಪಟ್ಟಿ ಇಲ್ಲಿನ ಆಟೋಮೊಬೈಲ್ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಗೇಣು ಪಟ್ಟಿ ಕೂಸಿನ ಬೆನ್ನಿಗೆ, ಒಂದು ಗೇಣು ಅಪ್ಪನ ಚೀಲಕ್ಕೆ. ನಡೆಯುವಾಗ ರಸ್ತೆಯ ಬಲಬದಿಗೆ, ಎದುರಿನ ಗಾಡಿ ಕಣ್ಣಿಗೆ ಕಾಣುವ ಹಾಗೆ ನಡೆಯಬೇಕು. ಮಗು ರಸ್ತೆಯ ಕಡೆಗಲ್ಲ, ಹೊಲದ ಕಡೆಗಿರಬೇಕು. ಇಷ್ಟಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಡ.

ಊಟಕ್ಕೆ ಬರವಿಲ್ಲ, ನೆರಳಿಗೆ ಬರ

ಈ ಸೀಮೆಯ ಜನರ ಕೈ ದೊಡ್ಡದು. ಪಾದಯಾತ್ರೆಯ ದಾರಿಯಲ್ಲಿ ದಾಸೋಹಕ್ಕೆ ಕೊರತೆ ಎಂಬುದಿಲ್ಲ. ಊರೂರಿನ ಯುವಕ ಸಂಘ, ದಲಾಲಿ ಅಂಗಡಿಯವರು, ಕಿರಾಣಿಯವರು, ಹರಕೆ ಹೊತ್ತವರು ಪೆಂಡಾಲು ಹಾಕಿ ಕರೆಕರೆದು ಬಡಿಸುತ್ತಾರೆ. ಒಂದು ಕಡೆ ಉಪ್ಪಿಟ್ಟು ಕೇಸರಿಬಾತು, ಇನ್ನೊಂದು ಕಡೆ ಮಂಡಕ್ಕಿ ಮಿರ್ಚಿ, ಮತ್ತೊಂದು ಕಡೆ ಮಜ್ಜಿಗೆ ಪಾನಕ. ಬೇಡ ಎಂದರೂ ಬಿಡುವುದಿಲ್ಲ. ಕಾಲಿಗೆ ಎಣ್ಣೆ ತಿಕ್ಕುವವರು, ಮುಲಾಮು ಹಚ್ಚುವವರು, ಮಾತ್ರೆ ಕೊಡುವವರೂ ಇದ್ದಾರೆ. ಇದು ಈ ನೆಲದ ಹೆಮ್ಮೆ. ಇದರಲ್ಲಿ ಕೊಂಕು ತೆಗೆಯುವವರ ಬಾಯಿಗೆ ಬೀಗ ಬೀಳಲಿ.

ಆದರೆ ಕೂಸಿನ ಲೆಕ್ಕದಲ್ಲಿ ನೋಡಿದರೆ ಕೊರತೆ ಬೇರೆಯೇ ಇದೆ. ಅದಕ್ಕೆ ಬೇಕಾದದ್ದು ಐದನೆಯ ಸಲದ ಕೇಸರಿಬಾತಲ್ಲ. ಮಿರ್ಚಿಯಂತೂ ಬೇಡವೇ ಬೇಡ, ತಿಂದ ಮೇಲೆ ನೀರಡಿಕೆಗೆ ಮಿತಿಯಿಲ್ಲ. ಅದಕ್ಕೆ ಬೇಕಾದದ್ದು ಮಧ್ಯಾಹ್ನ ಮೂರು ತಾಸು ಮಲಗಲು ನೆರಳು, ರಾತ್ರಿ ಮಲಗಲು ಗೋಡೆಯಿರುವ ಜಾಗ, ತಾಯಿ ಮಗು ಮರೆಯಲ್ಲಿ ಕೂರಲು ಒಂದು ಶೌಚಾಲಯ, ಕುಡಿಯಲು ಶುದ್ಧ ನೀರು. ತಿನ್ನಲು ಕೊಡುವ ಪೆಂಡಾಲು ಹಲವು, ನಿಲ್ಲಲು ಹೇಳುವ ಪೆಂಡಾಲು ಎಷ್ಟು? ಉಂಡೆದ್ದವರಿಗೆ ಜೈ ಎಂದು ಮುಂದೆ ಕಳಿಸುವುದೇ ಎಲ್ಲ ಕಡೆಯ ಪದ್ಧತಿ. ಮುಂದೆ ಏನಿದೆ? ಮತ್ತೆ ಬಿಸಿಲು, ಮತ್ತೆ ಕತ್ತಲು.

ದಾರಿಯ ಪ್ರತಿ ಹಳ್ಳಿಯಲ್ಲೂ ಸರ್ಕಾರಿ ಶಾಲೆ ಇದೆ, ಸಮುದಾಯ ಭವನವಿದೆ, ಗುಡಿಯ ಪೌಳಿ ಇದೆ. ಶಾಲೆಗೆ ಶೌಚಾಲಯವಿದೆ, ಕಾಂಪೌಂಡಿದೆ. ಜಾತ್ರೆಯ ಎರಡು ಮೂರು ರಾತ್ರಿ ಮಕ್ಕಳಿರುವ ಸಂಸಾರಗಳಿಗೆ ಅದರ ಬಾಗಿಲು ತೆರೆಸಲು ಏನು ಅಡ್ಡಿ? ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ, ಅನುಮತಿ ಶಿಕ್ಷಣ ಇಲಾಖೆಯ ಹತ್ತಿರ, ನೀರಿನ ಟ್ಯಾಂಕು ಗ್ರಾಮ ಪಂಚಾಯಿತಿಯ ಹತ್ತಿರ. ಮೂವರನ್ನೂ ಒಂದು ಕಡೆ ಕೂಡಿಸಿ ಒಂದು ಸುತ್ತೋಲೆ ಹೊರಡಿಸುವುದು ತಹಸೀಲ್ದಾರರಿಗೆ ಅರ್ಧ ದಿನದ ಕೆಲಸ. ಈಗಂತೂ ಈ ಐದೂ ತಾಲೂಕುಗಳು ಒಂದೇ ಜಿಲ್ಲೆಯಲ್ಲಿವೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹರಪನಹಳ್ಳಿಯವರು ಆ ಜಿಲ್ಲೆ, ಕೂಡ್ಲಿಗಿಯವರು ಈ ಜಿಲ್ಲೆ ಎಂಬ ನೆವವೂ ಉಳಿದಿಲ್ಲ. ಕೊಟ್ಟೂರಿನ ದೇವಸ್ಥಾನ ಮುಜರಾಯಿ ಇಲಾಖೆಯದು. ಹುಂಡಿಯ ಹಣ ಎಣಿಸುವ ಇಲಾಖೆ ಹುಂಡಿಗೆ ಹಾಕಲು ನಡೆದು ಬರುವವರ ಮಕ್ಕಳನ್ನೂ ಒಮ್ಮೆ ಎಣಿಸಿದರೆ ತಪ್ಪೇನು?

ಗುಡ್ಡದ ಮಾತೇ ಬೇರೆ

ಸಮನೆಲದ ದಾರಿಗೆ ಉದ್ದದ ಕಷ್ಟವಿದ್ದರೆ ಗುಡ್ಡಕ್ಕೆ ಕಡಿದಾದ ಕಷ್ಟ. ಉಚ್ಚಂಗಿದುರ್ಗ ಎಂದರೆ ಒಂದು ಕಾಲಕ್ಕೆ ಪಾಂಡ್ಯರು ಆಳಿದ ಕೋಟೆ. ವೈರಿ ಹತ್ತಬಾರದು ಎಂದೇ ಆರಿಸಿದ ಗುಡ್ಡ. ಅಂಥದ್ದನ್ನು ಭರತ ಹುಣ್ಣಿಮೆಗೂ ಯುಗಾದಿಗೂ ಬಾಣಂತಿಯರು, ಮುದುಕರು, ಮಕ್ಕಳು ಹತ್ತುತ್ತಾರೆ. ಮಕ್ಕಳು ಹತ್ತುವಾಗ ದೊಡ್ಡವರಿಗಿಂತ ಮುಂದೆ ಓಡುತ್ತವೆ, ಅದನ್ನು ನೋಡಿ ಎಲ್ಲರಿಗೂ ಧೈರ್ಯ. ಮೋಸವಿರುವುದು ಇಳಿಯುವಾಗ. ದಣಿದ ಕಾಲು ನಡುಗುತ್ತದೆ, ಮೆಟ್ಟಿಲು ದೊಡ್ಡವರ ಕಾಲಿನ ಅಳತೆಯದು, ಜನರ ಓಡಾಟಕ್ಕೆ ಸವೆದ ಕಲ್ಲು ನುಣುಪಾಗಿರುತ್ತದೆ, ಹಿಂದಿನಿಂದ ಜನ ನೂಕುತ್ತಾರೆ. ಹತ್ತಲು ಇದ್ದ ಶಕ್ತಿಯಲ್ಲಿ ಅರ್ಧವನ್ನು ಇಳಿಯಲು ಉಳಿಸಿಕೊಳ್ಳಬೇಕು ಎಂಬುದು ಗುಡ್ಡದ ಮೊದಲ ಪಾಠ. ಇಳಿಯುವಾಗ ದೊಡ್ಡವರು ಮಗುವಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಬಂಡೆ ಕಾಯುವ ಮುಂಚೆ, ಒಂಬತ್ತು ಹತ್ತರೊಳಗೆ ಕೆಳಗಿರಬೇಕು.

ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ಈಗ ಕೋಟೆ ನೋಡುವ, ಬಂಡೆ ಹತ್ತುವ ಹವ್ಯಾಸದವರೂ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಅದು ಕರಡಿಧಾಮದ ಸೀಮೆ. ಕರಡಿ ಹಗಲೆಲ್ಲ ಬಂಡೆಯ ಪೊಟರೆಯಲ್ಲಿದ್ದು ಸಂಜೆಗೆ ಹೊರಬೀಳುತ್ತದೆ, ನಸುಕಿಗೆ ಮರಳುತ್ತದೆ. ಮರಿಯಿದ್ದ ಹೆಣ್ಣು ಕರಡಿಗೆ ಹೆದರಿಕೆ ಹೆಚ್ಚು, ಹೆದರಿಕೆಯಿಂದಲೇ ಮೇಲೆ ಬೀಳುತ್ತದೆ. ಬೈಗಾದ ಮೇಲೆ ಆ ಕಡೆ ಮಕ್ಕಳೊಂದಿಗೆ ಕಾಲಿಡುವುದು ಸಾಹಸವಲ್ಲ, ಹುಂಬತನ.

ಇದು ಹೆದರಿಸುವ ಮಾತಲ್ಲ. ಇಲ್ಲಿಯ ಎಷ್ಟೋ ಸಂಸಾರಗಳು ತಿರುಪತಿಗೂ ಹೋಗುತ್ತವೆ. 2023ರ ಆಗಸ್ಟಿನಲ್ಲಿ ತಿರುಮಲೆಯ ಅಲಿಪಿರಿ ಮೆಟ್ಟಿಲು ದಾರಿಯಲ್ಲಿ ಹೆತ್ತವರೊಂದಿಗೆ ಹತ್ತುತ್ತಿದ್ದ ಆರು ವರ್ಷದ ಹುಡುಗಿಯನ್ನು ಚಿರತೆ ಹೊತ್ತೊಯ್ದು ಕೊಂದಿತು. ಅದಾದ ಮೇಲೆ ಅಲ್ಲಿನ ದೇವಸ್ಥಾನದವರು, ಮಧ್ಯಾಹ್ನ ಎರಡು ಗಂಟೆಯ ನಂತರ 15 ವರ್ಷದೊಳಗಿನ ಮಕ್ಕಳನ್ನು ನಡಿಗೆ ದಾರಿಯಲ್ಲಿ ಬಿಡುವುದಿಲ್ಲ ಎಂದು ನಿಯಮ ಮಾಡಿದರು. ಗಮನಿಸಬೇಕಾದ್ದು ಇಲ್ಲೇ. ಮಕ್ಕಳು ಬರಲೇಬಾರದು ಎನ್ನಲಿಲ್ಲ, ಮಕ್ಕಳಿಗೆ ಇಂಥ ಹೊತ್ತು ಎಂದರು. ದೇವರ ಕೆಲಸಕ್ಕೂ ಮಗುವಿಗೊಂದು ವೇಳಾಪಟ್ಟಿ ಬೇಕು ಎಂದು ಒಂದು ಜೀವ ಹೋದ ಮೇಲೆ ಒಪ್ಪಿಕೊಂಡರು. ಜೀವ ಹೋಗುವ ಮುಂಚೆಯೇ ಒಪ್ಪಿಕೊಳ್ಳುವ ಅವಕಾಶ ಈ ಐದು ತಾಲೂಕಿಗಿದೆ.

ಹರಕೆ ಯಾರದು?

ಹರಕೆ ಹೊತ್ತದ್ದು ಒಂದೇ ದಿನದಲ್ಲಿ ನಡೆಯುತ್ತೇವೆಂದು, ಬರಿಗಾಲಲ್ಲಿ ನಡೆಸುತ್ತೇವೆಂದು, ನಡುವೆ ನಿಂತರೆ ಹರಕೆ ಮುರಿದಂತೆ ಎಂಬ ವಾದ ಬಂದೇ ಬರುತ್ತದೆ. ಇಲ್ಲಿ ಒಂದು ಹಳೆಯ ಪಾಠವನ್ನು ನೆನೆಯಬೇಕು. ಇದೇ ಸೀಮೆಯಲ್ಲಿ, ಇದೇ ಗುಡ್ಡಕ್ಕೆ ಹಿಂದೆ ಹೆಣ್ಣು ಕೂಸುಗಳನ್ನು ಬೇರೊಂದು ಹರಕೆಗೂ ಹತ್ತಿಸಿದ್ದುಂಟು, ಮುತ್ತು ಕಟ್ಟಿಸಲು. ಹರಕೆ ಹಿರಿಯರದಾಗಿತ್ತು, ಬಾಳು ಕೂಸಿನದಾಗಿತ್ತು. 1982ರಲ್ಲಿ ರಾಜ್ಯದ ಶಾಸನಸಭೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಕಾಯ್ದೆಯ ಒಳಗಿನ ತಿರುಳು ಒಂದೇ: ದೊಡ್ಡವರು ಹೊತ್ತ ಹರಕೆಯನ್ನು ಕೂಸಿನ ಮೈಯಿಂದ ವಸೂಲಿ ಮಾಡಬಾರದು.

ಆ ಪಾಪಕ್ಕೂ ಈ ನಡಿಗೆಗೂ ಹೋಲಿಕೆಯಿಲ್ಲ. ಅದು ಬಾಳನ್ನೇ ಕಿತ್ತುಕೊಂಡದ್ದು, ಇದು ಪ್ರೀತಿಯಿಂದ ಕೈ ಹಿಡಿದು ನಡೆಸುವುದು. ಆದರೂ ತಿರುಳು ಮಾತ್ರ ಎರಡೂ ಕಡೆ ಸಲ್ಲುತ್ತದೆ. ಅಪ್ಪ ಬರಿಗಾಲಲ್ಲಿ ನಡೆಯಲಿ, ಅದು ಅವನ ಭಕ್ತಿ. ಕೂಸಿನ ಕಾಲಿಗೆ ಬೆರಳು ಮುಚ್ಚುವ ಮೆತ್ತನೆಯ ಹಳೆಯ ಬೂಟು, ಹತ್ತಿಯ ಕಾಲುಚೀಲ ಇರಲಿ. ಜಾತ್ರೆಗೆಂದೇ ಹೊಸ ಚಪ್ಪಲಿ ಕೊಡಿಸಿ ಅಂದೇ ನಡೆಸುವುದು ಎಲ್ಲರೂ ಮಾಡುವ ತಪ್ಪು. ಹೊಸ ಚಪ್ಪಲಿ ಐದು ಕಿಲೋಮೀಟರಿಗೇ ಬೊಬ್ಬೆ ಎಬ್ಬಿಸುತ್ತದೆ.

ಇನ್ನು ಕೂಸು ನಡೆಯಲೇಬೇಕಾದ ದೂರ ಎಷ್ಟು ಎಂದು ಯಾವ ಶಾಸ್ತ್ರವೂ ಕಿಲೋಮೀಟರ್ ಕಲ್ಲು ನೆಟ್ಟಿಲ್ಲ. ಅಪ್ಪ ಅಣ್ಣಂದಿರು ಮನೆಯಿಂದಲೇ ನಡೆಯಲಿ. ತಾಯಿ ಮಕ್ಕಳು ಬಸ್ಸು ಹತ್ತಿ ಕೊಟ್ಟೂರಿಗೆ ನಾಲ್ಕೈದು ಕಿಲೋಮೀಟರ್ ಇರುವಾಗ ಇಳಿದು, ಸಂಜೆ ತಂಪಿನಲ್ಲಿ ಎಲ್ಲರೂ ಕೂಡಿ ನಡೆಯಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಕಾಸೂ ಇಲ್ಲ. ಅಜ್ಜ ನೋಡುವುದು ಕಾಲಿನ ಬೊಬ್ಬೆಯನ್ನಲ್ಲ ಎಂದು ನಂಬುವವರಿಗೆ ಇದರಲ್ಲಿ ಯಾವ ದೋಷವೂ ಕಾಣದು.

ಊರು ಮುಟ್ಟಿದ ಮೇಲೆ

ಕೊಟ್ಟೂರು ಮುಟ್ಟಿತು ಎಂದರೆ ಕಷ್ಟ ತೀರಿತು ಎಂದು ತಿಳಿಯುವುದು ಸಹಜ. ತೇರಿನ ಹೊತ್ತಿನಲ್ಲಿ ಅಲ್ಲಿ ನೆಲ ಕಾಣುವುದಿಲ್ಲ, ತಲೆಗಳೇ ಕಾಣುತ್ತವೆ. 2017ರ ಫೆಬ್ರವರಿ 21ರಂದು ಎಳೆಯುತ್ತಿದ್ದ ತೇರೇ ಕುಸಿದು ಬಿದ್ದು ಹಲವರಿಗೆ ಗಾಯವಾದದ್ದನ್ನು ಈ ಸೀಮೆ ಮರೆತಿಲ್ಲ. ಅಂಥ ಗದ್ದಲದಲ್ಲಿ ದೊಡ್ಡವರಿಗೆ ಓಡಲು ಕಾಲಿದೆ. ಸೊಂಟದೆತ್ತರದ ಮಗುವಿಗೆ ಏನಾಯಿತೆಂದು ಕಾಣುವುದೂ ಇಲ್ಲ. ತೇರನ್ನು ದೂರದ ಮಾಳಿಗೆಯಿಂದ ತೋರಿಸಬೇಕು. ಉತ್ತತ್ತಿ, ಬಾಳೆಹಣ್ಣು ಎಸೆಯುವ ಆಸೆಗೆ ಮಗುವನ್ನು ಹೆಗಲಿಗೇರಿಸಿ ಗಾಲಿಯ ಹತ್ತಿರ ನುಗ್ಗಬಾರದು.

ತಪ್ಪಿಸಿಕೊಂಡ ಮಗುವಿಗೆ ಅಪ್ಪನ ಹೆಸರು ಗೊತ್ತಿರುತ್ತದೆ, ಫೋನ್ ನಂಬರು ಗೊತ್ತಿರುವುದಿಲ್ಲ. ಹೊರಡುವ ಮುಂಚೆ ಅಂಗಿಯ ಒಳಮೈಗೆ ಬಾಲ್‌ಪೆನ್ನಿನಲ್ಲಿ ನಂಬರು ಬರೆದು, ಕಿಸೆಯಲ್ಲೂ ಒಂದು ಚೀಟಿ ಇಡಬೇಕು. ತಪ್ಪಿಸಿಕೊಂಡರೆ ಎಲ್ಲಿ ಕೂಡಬೇಕು ಎಂದು ಊರು ಮುಟ್ಟಿದ ಕೂಡಲೇ ಒಂದು ಜಾಗ ತೋರಿಸಬೇಕು. ದಿಕ್ಕಿಲ್ಲದ ಮಗು ಕಂಡವರು 1098ಕ್ಕೋ 112ಕ್ಕೋ ಫೋನು ಮಾಡಬೇಕು. ಮಗುವನ್ನು ತಾವೇ ಎಲ್ಲಿಗೂ ಒಯ್ಯದೆ, ಕಂಡ ಜಾಗದ ಹತ್ತಿರವೇ ಪೊಲೀಸರಿಗೆ ಒಪ್ಪಿಸುವುದು ಒಳ್ಳೆಯದು.

ಅಂಗಡಿಯವರ ಕೈಯಲ್ಲೂ ಇದೆ

ಎಲ್ಲವನ್ನೂ ಸರ್ಕಾರವೇ ಮಾಡಲಿ ಎಂದು ಕೈಕಟ್ಟಿ ಕೂತರೆ ಜಾತ್ರೆ ಹೋಗಿ ಇನ್ನೊಂದು ಜಾತ್ರೆ ಬರುತ್ತದೆ. ರಸ್ತೆಯ ಮೇಲಿನ ಅಂಗಡಿಯವರು ಮನಸ್ಸು ಮಾಡಿದರೆ ಕೆಲಸ ನಾಳೆಯೇ ಶುರುವಾದೀತು. ದಾಸೋಹಕ್ಕೆ ಕೊಡುವ ಕಾಣಿಕೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಕ್ಕಳ ಹೆಸರಿಗೆ ತೆಗೆದಿಡಬೇಕು. ಪೆಂಡಾಲಿನ ಹಿಂದೆ ಇನ್ನೊಂದು ಸಣ್ಣ ಪೆಂಡಾಲು, ನಾಲ್ಕು ಜಮಖಾನ, ಎರಡು ಕೊಡ ಕಾಯಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ, ಮಿರ್ಚಿಯ ಬದಲು ಮೊಸರನ್ನ ಬಾಳೆಹಣ್ಣು. ಮಕ್ಕಳಿದ್ದವರು ಇಲ್ಲಿ ನಾಲ್ಕರವರೆಗೆ ಮಲಗಿ ಹೋಗಿ ಎಂದು ಒಂದು ಬೋರ್ಡು. ಪಾದಯಾತ್ರೆ ಕಟ್ಟುವ ಸಂಘದವರು ಹೆಸರು ಬರೆಸಿಕೊಳ್ಳುವಾಗ ಜೊತೆಗೆ ಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಸಾಲಿನ ಕೊನೆಗೆ ಒಂದು ಟಂಟಂ ಗಾಡಿ ಮೆಲ್ಲಗೆ ಬರಬೇಕು. ಅದೇ ಇಂದಿನ ಎತ್ತಿನ ಬಂಡಿ.

ತೋರಣಗಲ್ಲಿನ ಕಡೆಯಿಂದ ಬರಲಿ, ದಾವಣಗೆರೆಯ ಕಡೆಯಿಂದ ಬರಲಿ, ದಾರಿ ಹೋಕರಲ್ಲಿ ಬಲಿಷ್ಠನ ವೇಗಕ್ಕೆ ಸಾಲು ಕಟ್ಟುವುದು ಸುಲಭ. ಕಡೆಯ ಕೂಸಿನ ವೇಗಕ್ಕೆ ಸಾಲು ಕಟ್ಟಿದರೆ ಯಾರೂ ಹಿಂದೆ ಬೀಳುವುದಿಲ್ಲ.

ಕೊನೆಗೆ ಉಳಿಯುವ ಮಾತು ಭಕ್ತಿಯ ಉಳಿವಿನದೂ ಹೌದು. ಐದು ವರ್ಷಕ್ಕೆ ಐದು ಕಿಲೋಮೀಟರು ನಕ್ಕೊಂತ ನಡೆದ ಹುಡುಗ ಹದಿನೈದಕ್ಕೆ ಹದಿನೈದು ನಡೆಯುತ್ತಾನೆ, ಇಪ್ಪತ್ತೈದಕ್ಕೆ ತನ್ನ ಗೆಳೆಯರನ್ನು ಕಟ್ಟಿಕೊಂಡು ಮೂವತ್ತೂ ನಡೆಯುತ್ತಾನೆ. ಐದು ವರ್ಷಕ್ಕೇ ಮೂವತ್ತು ಕಿಲೋಮೀಟರು ಎಳಸಿಕೊಂಡು, ಕಾಲು ಬೊಬ್ಬೆ ಬಂದು, ಜ್ವರ ಬಂದು ಮಲಗಿದ ಹುಡುಗನಿಗೆ ಕೊಟ್ಟೂರು ಎಂದರೆ ನೋವಿನ ನೆನಪು. ದೊಡ್ಡವನಾದ ಮೇಲೆ ಅವನು ಕಾರಿನಲ್ಲಿ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಜಾತ್ರೆ ನೂರಾರು ವರ್ಷ ನಡೆದು ಬಂದದ್ದು ಹಿಂದಿನವರು ಮಕ್ಕಳನ್ನು ಬಂಡಿಯಲ್ಲಿ ಮಲಗಿಸಿ ತಂದದ್ದರಿಂದ. ಮುಂದೆಯೂ ನಡೆಯಬೇಕಾದರೆ ಈ ಸಲದ ಪೂರ್ವಭಾವಿ ಸಭೆಯ ಪಟ್ಟಿಯಲ್ಲಿ ನೀರು, ಕರೆಂಟು, ಬಂದೋಬಸ್ತಿನ ಕೆಳಗೆ ಇನ್ನೊಂದು ಸಾಲು ಸೇರಬೇಕು: ಮಕ್ಕಳು.